ಕ್ರೋಮ್ ಪ್ಲೇಟಿಂಗ್‌ಗೆ ಎಂಟು ಸಾವಿರ, ಕೈಪಿಡಿಗೆ ಸೊನ್ನೆ?

ಮೈಸೂರು ಜಿಲ್ಲೆಯವರಿಗೆ ಜಾವಾ, ಯೆಜ್ಡಿ ಬೈಕುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಚೆಕೊಸ್ಲೊವಾಕಿಯದ ಕಂಪನಿಯ ಪರವಾನಗಿ ಪಡೆದು 1961ರಲ್ಲಿ ಜಾವಾ ತಯಾರಿಕೆ ಶುರುವಾಯಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಬೈಕುಗಳು ಮಾತ್ರ ನಿಲ್ಲಲಿಲ್ಲ. ಇವತ್ತಿಗೂ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಆಚರಿಸಿ, ಹೊಗೆ ಬಿಡುತ್ತಾ ಸಾಲಾಗಿ ಹೋಗುವವರಿದ್ದಾರೆ.

ಈ ಬೈಕುಗಳನ್ನು ಈಗ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಹವ್ಯಾಸಿಗಳು. ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಕೆಲಸ ಮಾಡುತ್ತಾ ಭಾನುವಾರ ಸ್ಪ್ಯಾನರ್ ಹಿಡಿಯುವವರು. ನನ್ನ ಲೇಖನ ಅವರ ಬಗ್ಗೆ ಮತ್ತು ಅವರ ಮೊಬೈಲಿನಲ್ಲಿರುವ ಒಂದು ಪಿಡಿಎಫ್ ಬಗ್ಗೆ. ಕಾಮರ್ಸ್ ಓದುವವನಿಗೆ ಬೈಕಿನ ಎಂಜಿನ್ನಿನಲ್ಲಿ ಏನು ಕೆಲಸ ಎಂದು ಸೈನ್ಸ್ ವಿಭಾಗದ ಗೆಳೆಯರು ಕೇಳಬಹುದು. ಎಂಜಿನ್ ವಿಷಯ ನನ್ನ ಚಾಚಾಗೆ ಗೊತ್ತು, ಅವರು ಬೆಟ್ಟದಪುರದಲ್ಲಿ ಗ್ಯಾರೇಜ್ ಇಟ್ಟವರು. ನನಗೆ ಗೊತ್ತಿರುವುದು ಲೆಕ್ಕ. ಈ ವಿಷಯದಲ್ಲಿ ಲೆಕ್ಕವೇ ಮುಖ್ಯ ಎಂದು ನನಗೆ ಅನ್ನಿಸಿದೆ.

ಮೊದಲು ಕೈಪಿಡಿ ಎಂದರೆ ಯಾವುದು ಎಂಬುದು ಸ್ಪಷ್ಟವಾಗಬೇಕು. ಬೈಕು ಕೊಂಡಾಗ ಸೀಟಿನ ಕೆಳಗೆ ಇಟ್ಟುಕೊಡುವ ಸಣ್ಣ ಪುಸ್ತಕವೊಂದಿದೆ. ಎಣ್ಣೆ ಯಾವಾಗ ಹಾಕಬೇಕು, ಟೈರಿಗೆ ಗಾಳಿ ಎಷ್ಟು ಎಂದು ಅದರಲ್ಲಿರುತ್ತದೆ. ಅದನ್ನು ಈಗ ಎಷ್ಟೋ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಉಚಿತವಾಗಿಯೇ ಕೊಡುತ್ತವೆ. ಇನ್ನೊಂದು ಬಿಡಿಭಾಗಗಳ ಪಟ್ಟಿ. ಮೂರನೆಯದು ವರ್ಕ್‌ಶಾಪ್ ಮ್ಯಾನ್ಯುಯಲ್. ಎಂಜಿನ್ ಬಿಚ್ಚುವ ಕ್ರಮ, ಯಾವ ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು, ಪಿಸ್ಟನ್ ಮತ್ತು ಸಿಲಿಂಡರ್ ನಡುವೆ ಎಷ್ಟು ಸಂದು ಇರಬೇಕು, ವೈರಿಂಗ್ ಎಲ್ಲಿಂದ ಎಲ್ಲಿಗೆ ಎಂಬುದೆಲ್ಲ ಇದರಲ್ಲಿ. ದುಡ್ಡಿನ ಜಗಳ ಇರುವುದು ಈ ಮೂರನೆಯದರ ಮೇಲೆ.

ಹಳೆಯ ಜಾವಾದಲ್ಲಿ ಕಿಕ್ಕರ್ರಿಗೂ ಗೇರಿಗೂ ಒಂದೇ ಲಿವರ್. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಎಂಜಿನ್. ಸ್ಪ್ಲೆಂಡರ್ ನೋಡಿ ಕಲಿತವರು ಇದನ್ನು ಬಿಚ್ಚಿದರೆ ಮತ್ತೆ ಜೋಡಿಸುವಾಗ ಎರಡು ವಾಷರ್ ಕೈಯಲ್ಲೇ ಉಳಿಯುತ್ತವೆ ಎಂದು ಚಾಚಾ ನಗುತ್ತಾರೆ. ನಲವತ್ತು ವರ್ಷ ಇದೇ ಕೆಲಸ ಮಾಡಿದ ಮೆಕ್ಯಾನಿಕ್ಕಿಗೆ ಪುಸ್ತಕ ಬೇಡ, ಕೈಗೇ ನೆನಪಿರುತ್ತದೆ. ವರ್ಷಕ್ಕೊಮ್ಮೆ ಎಂಜಿನ್ ಬಿಚ್ಚುವ ಹವ್ಯಾಸಿಗೆ ಪುಸ್ತಕವಿಲ್ಲದೆ ಆಗುವುದಿಲ್ಲ. ಅಂದರೆ ಇಂಥ ಪುಸ್ತಕಕ್ಕೆ ಉಳಿದಿರುವ ಗಿರಾಕಿ ಅವನೊಬ್ಬನೇ. ಮೆಕ್ಯಾನಿಕ್ ಕೊಳ್ಳುವುದಿಲ್ಲ, ಕಂಪನಿ ಮುಚ್ಚಿದೆ. ಹವ್ಯಾಸಿಯೂ ಕೊಳ್ಳದಿದ್ದರೆ ಪುಸ್ತಕ ಬರೆಯುವವನು ಯಾರ ಮುಖ ನೋಡಿ ಬರೆಯಬೇಕು?

ಭಾನುವಾರ ಚಾಚಾ ಗ್ಯಾರೇಜಿಗೆ ಹುಣಸೂರು, ಮೈಸೂರು ಕಡೆಯಿಂದ ಬರುವವರನ್ನು ನಾನು ನೋಡುತ್ತೇನೆ. ಸೈಲೆನ್ಸರ್ ಮತ್ತು ರಿಮ್ಮಿಗೆ ಕ್ರೋಮ್ ಹೊಡೆಸಲು ಎಂಟು ಸಾವಿರ ಕೊಟ್ಟಿರುತ್ತಾರೆ. ಪೇಂಟಿಗೆ ಬೇರೆ. ಹಳೆಯ ಮೀಟರ್ ಹುಡುಕಿಕೊಂಡು ಕೊಯಮತ್ತೂರಿಗೆ ಹೋಗಿ ಬಂದವರೂ ಇದ್ದಾರೆ. ಕೈಪಿಡಿಯ ಮಾತು ಬಂದರೆ ಮಾತ್ರ, "ಭಾಯ್, ಪಿಡಿಎಫ್ ಇದೆ ಬಿಡಿ, ಗ್ರೂಪಲ್ಲಿ ಬಂದಿತ್ತು" ಎಂದು ಮೊಬೈಲ್ ಚಾಚುತ್ತಾರೆ. ಅವರು ಬಡವರಲ್ಲ, ಕೆಟ್ಟವರೂ ಅಲ್ಲ. ಲೋಹಕ್ಕೆ ಬೆಲೆ ಇದೆ, ಬರಹಕ್ಕೆ ಇಲ್ಲ ಎಂಬುದು ಅವರ ಅಭ್ಯಾಸ, ಅಷ್ಟೆ.

ಬರಹಕ್ಕೆ ಬೆಲೆ ಯಾಕೆ ಎಂಬುದಕ್ಕೆ ಇಂಗ್ಲೆಂಡಿನ ಜಾನ್ ಹೇನ್ಸ್ ಅವರ ಕಥೆ ಹೇಳುತ್ತೇನೆ. ಅವರು ಇನ್ನೂ ಶಾಲೆಯಲ್ಲಿದ್ದಾಗ, 1956ರಲ್ಲಿ, ಆಸ್ಟಿನ್ 7 ಎಂಬ ಕಾರನ್ನು ಸ್ಪೋರ್ಟ್ಸ್ ಕಾರಿನಂತೆ ಮಾರ್ಪಡಿಸುವುದು ಹೇಗೆ ಎಂದು ಒಂದು ಸಣ್ಣ ಪುಸ್ತಕ ಬರೆದು ತಾವೇ ಅಚ್ಚು ಹಾಕಿಸಿದರು. 250 ಪ್ರತಿ ಹತ್ತು ದಿನದಲ್ಲಿ ಖರ್ಚಾದವು. ಹತ್ತು ವರ್ಷದ ನಂತರ ಹೇನ್ಸ್ ಮ್ಯಾನ್ಯುಯಲ್ ಎಂಬ ಮಾಲಿಕೆ ಶುರುವಾಯಿತು. ಆ ಪುಸ್ತಕಗಳ ವಿಶೇಷವೆಂದರೆ, ಒಂದು ಕಾರನ್ನು ನಿಜವಾಗಿಯೂ ಕೊಂಡು, ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಪ್ರತಿ ಹಂತದ ಫೋಟೋ ತೆಗೆದು ಬರೆಯುತ್ತಿದ್ದರು. ಕಂಪನಿ ಎಂಜಿನಿಯರ್ ಹೇಳುವುದು ಹೇಗೆ ಇರಬೇಕು ಎಂದು. ಬಿಚ್ಚಿ ನೋಡಿದವನು ಹೇಳುವುದು ತುಕ್ಕು ಹಿಡಿದ ಬೋಲ್ಟ್ ಎಲ್ಲಿ ಮುರಿಯುತ್ತದೆ ಎಂದು. ಎರಡನೆಯದನ್ನು ಬರೆಯಲು ಒಂದು ಕಾರಿನ ಬೆಲೆ, ವಾರಗಟ್ಟಲೆ ಕೂಲಿ, ಫೋಟೋ, ಚಿತ್ರ ಎಲ್ಲ ಮೊದಲೇ ಖರ್ಚಾಗಿ ಹೋಗಿರುತ್ತದೆ. ಓದುಗನ ಮೊದಲ ರೂಪಾಯಿ ಬರುವುದು ಆ ಮೇಲೆ.

ನಾವು ಕ್ಲಾಸಿನಲ್ಲಿ ಓದುವ ಸ್ಥಿರ ವೆಚ್ಚ ಎಂದರೆ ಇದೇ. ಒಂದು ಪ್ರತಿ ಮಾರಿದರೂ ಸಾವಿರ ಮಾರಿದರೂ ಆ ಖರ್ಚು ಅಷ್ಟೇ. ಕಾಗದ, ಅಚ್ಚು, ಬೈಂಡಿಂಗ್ ಬದಲಾಗುವ ವೆಚ್ಚ. ಪಿಡಿಎಫ್ ಹಂಚುವವರು ನೋಡುವುದು ಬದಲಾಗುವ ವೆಚ್ಚವನ್ನು ಮಾತ್ರ. "ಒಂದು ಕಾಪಿ ಫಾರ್ವರ್ಡ್ ಮಾಡಿದರೆ ಯಾರಿಗೇನು ನಷ್ಟ?" ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಂದ.

ಹೊರದೇಶದ ಉದಾಹರಣೆ ಬೇಡ ಎನ್ನುವವರಿಗೆ ನಮ್ಮೂರಿನದೇ ಕೊಡುತ್ತೇನೆ. ಚಾಚಾ ಬಳಿ ನೀಲಿ ರಟ್ಟಿನ ಒಂದು ಉದ್ದ ನೋಟ್‌ಬುಕ್ ಇದೆ. ಅವರು ಏಳನೇ ಕ್ಲಾಸಿನವರೆಗೆ ಉರ್ದು ಶಾಲೆಯಲ್ಲಿ ಓದಿದವರು. ಆದರೂ ಗಿರಾಕಿಗಳಿಗೆ ತೋರಿಸಬೇಕು ಎಂದು ನೋಟ್‌ಬುಕ್ಕನ್ನು ಕನ್ನಡದಲ್ಲೇ ಬರೆದಿದ್ದಾರೆ. ತಮ್ಮ ನೆನಪಿಗೆ ಬೇಕಾದ ಸಣ್ಣ ಟಿಪ್ಪಣಿಗಳು ಮಾತ್ರ ಅಂಚಿನಲ್ಲಿ ಉರ್ದುವಿನಲ್ಲಿವೆ. ಯೆಜ್ಡಿಯ ಅಳತೆಗಳು, ಈಗ ಸಿಗುವ ಯಾವ ಬೇರಿಂಗ್ ಹಳೆಯದರ ಜಾಗಕ್ಕೆ ಕೂರುತ್ತದೆ, ಯಾವ ಸೀಲ್ ಎರಡೇ ತಿಂಗಳಿಗೆ ಸೋರುತ್ತದೆ ಎಂಬುದೆಲ್ಲ ಅದರಲ್ಲಿದೆ. ಕಂಪನಿಯ ಇಂಗ್ಲಿಷ್ ಮ್ಯಾನ್ಯುಯಲ್‌ನಲ್ಲಿ ಇದು ಇರಲು ಸಾಧ್ಯವಿಲ್ಲ, ಏಕೆಂದರೆ ಅದು ಬರೆದಾಗ ಈ ನಕಲಿ ಸೀಲ್‌ಗಳೇ ಇರಲಿಲ್ಲ.

ಹೋದ ವರ್ಷ ಯಾರೋ ಒಬ್ಬ ಗಿರಾಕಿ ಆ ನೋಟ್‌ಬುಕ್ಕಿನ ಹನ್ನೊಂದು ಪುಟಗಳ ಫೋಟೋ ತೆಗೆದುಕೊಂಡರು. ಕೇಳಿಯೇ ತೆಗೆದರು, ಚಾಚಾ ತಲೆಯಾಡಿಸಿದರು. ಆರು ತಿಂಗಳ ನಂತರ ಇನ್ನೊಬ್ಬರು ಬಂದು ತಮ್ಮ ಮೊಬೈಲಿನಲ್ಲಿ ಒಂದು ಪಿಡಿಎಫ್ ತೆರೆದು, "ಇದರಲ್ಲಿ ಹೀಗಿದೆ, ನೀವು ಬೇರೆ ಹೇಳ್ತೀರಲ್ಲ" ಎಂದು ವಾದಕ್ಕೆ ನಿಂತರು. ಇನ್ನೂರು ರೂಪಾಯಿ ಕೊಟ್ಟು ತರಿಸಿಕೊಂಡಿದ್ದರಂತೆ. ಮೇಲೆ ಯಾರದೋ ಹೆಸರು ಅಡ್ಡಡ್ಡ ಅಚ್ಚಾಗಿತ್ತು. ಒಳಗಿದ್ದದ್ದು ಚಾಚಾ ಕೈಬರಹ. ಈಗಿನ ಹೊಸ ತಯಾರಿಕೆಯ ಪಿಸ್ಟನ್‌ಗೆ ಹಳೆಯ ಸಂದಿನ ಅಳತೆ ಆಗುವುದಿಲ್ಲ ಎಂದು ಚಾಚಾ ಆ ಪುಟದ ಅಂಚಿನಲ್ಲೇ ಉರ್ದುವಿನಲ್ಲಿ ಬರೆದಿದ್ದರು. ಪಿಡಿಎಫ್ ಮಾಡಿದವರು ಪುಟ ಚೆಂದ ಕಾಣಲಿ ಎಂದು ಅಂಚನ್ನು ಕತ್ತರಿಸಿ ತೆಗೆದಿದ್ದರು.

ಚಾಚಾ ಬೈಯಲಿಲ್ಲ. "ಇದನ್ನು ನೋಡಿ ಬೋರಿಂಗ್ ಮಾಡಿಸಿದವನ ಎಂಜಿನ್ ಸೀಜ್ ಆದರೆ ಯಾರನ್ನು ಕೇಳುತ್ತಾನೆ?" ಎಂದಷ್ಟೇ ಕೇಳಿದರು. ನನಗೆ ಈ ಪ್ರಶ್ನೆ ದುಡ್ಡಿನ ಪ್ರಶ್ನೆಗಿಂತ ದೊಡ್ಡದಾಗಿ ಕಾಣುತ್ತದೆ. ಕೊಂಡ ಪುಸ್ತಕದ ಹಿಂದೆ ಒಬ್ಬ ಬರೆದವನಿದ್ದಾನೆ, ಅವನಿಗೊಂದು ವಿಳಾಸವಿದೆ, ತಪ್ಪು ಕಂಡರೆ ಮುಂದಿನ ಮುದ್ರಣದಲ್ಲಿ ತಿದ್ದುತ್ತಾನೆ. ಕದ್ದ ಪ್ರತಿಗೆ ಹಿಂದೆಯೂ ಯಾರಿಲ್ಲ, ಮುಂದಿನ ಮುದ್ರಣವೂ ಇಲ್ಲ. ಸ್ಕ್ಯಾನ್ ಮಾಡಿದ ಹಳೆಯ ಮ್ಯಾನ್ಯುಯಲ್‌ಗಳನ್ನು ಚಾಚಾ ಜೊತೆ ಕೂತು ನೋಡಿದ್ದೇನೆ. ಮಡಚಿಟ್ಟ ದೊಡ್ಡ ಹಾಳೆಯಲ್ಲಿರುವ ವೈರಿಂಗ್ ಚಿತ್ರವನ್ನು ಬಿಡಿಸದೆ ಅರ್ಧ ಮಾತ್ರ ಸ್ಕ್ಯಾನ್ ಮಾಡಿರುತ್ತಾರೆ. ಹತ್ತು ಸಲ ಜೆರಾಕ್ಸ್ ಆದ ಪುಟದಲ್ಲಿ 0.4 ಎಂಬುದರ ಚುಕ್ಕೆ ಅಳಿಸಿಹೋಗಿರುತ್ತದೆ. ಪಾಸ್‌ಬುಕ್ಕಿನಲ್ಲಿ ಒಂದು ಚುಕ್ಕೆ ಹೋದರೆ ನಾವು ಬ್ಯಾಂಕಿಗೆ ಓಡುತ್ತೇವೆ. ಎಂಜಿನ್ ವಿಷಯದಲ್ಲಿ ಅಂದಾಜಿಗೆ ಬಿಡುತ್ತೇವೆ.

ಇಲ್ಲಿ ಇನ್ನೊಂದು ಮಾತು. ಆ ಗಿರಾಕಿ ಇನ್ನೂರು ರೂಪಾಯಿ ಕೊಟ್ಟಿದ್ದರು. ದುಡ್ಡು ಕೊಟ್ಟ ಮಾತ್ರಕ್ಕೆ ಪೈರಸಿ ಅಲ್ಲ ಎಂದಾಗುವುದಿಲ್ಲ. ಬರೆದವನಿಗೂ ಪ್ರಕಾಶಕನಿಗೂ ಒಂದು ಪೈಸೆ ಹೋಗದೆ ನಡುವಿನವನು ಮಾತ್ರ ಉಂಡರೆ, ಅದು ಪುಕ್ಕಟೆ ಇಳಿಸಿಕೊಂಡಿದ್ದಕ್ಕಿಂತಲೂ ಕೆಟ್ಟದ್ದು. ಸ್ಪೈರಲ್ ಬೈಂಡಿಂಗ್, ಪ್ರಕಾಶಕರ ಹೆಸರಿಲ್ಲ, ಐಎಸ್‌ಬಿಎನ್ ಇಲ್ಲ, ಅಕ್ಷರದ ಹಿಂದೆ ಬೂದು ನೆರಳು ಇದ್ದರೆ ಮಾರುವವರನ್ನು ಎರಡು ಪ್ರಶ್ನೆ ಕೇಳುವುದು ಒಳ್ಳೆಯದು.

ಈ ಘಟನೆಯಾದ ಮೇಲೆ ನೋಟ್‌ಬುಕ್ಕನ್ನು ಪುಸ್ತಕ ಮಾಡೋಣ ಎಂದು ನಾನೇ ಚಾಚಾಗೆ ಹೇಳಿದೆ. ಅವರ ಮೊದಲ ಮಾತು, "ಒಬ್ಬ ತಗೋತಾನೆ, ಮಾರನೇ ದಿನ ಎಲ್ಲರ ಮೊಬೈಲಲ್ಲಿ ಇರುತ್ತೆ. ಯಾಕಪ್ಪ ಬೇಕು?" ನಾನು ಕಾಗದ ತೆಗೆದುಕೊಂಡು ಅಂದಾಜು ಪಟ್ಟಿ ಹಾಕಿದೆ. 150 ಪುಟದ ಪುಸ್ತಕ. ಚಿತ್ರ ಬರೆಸಲು 15,000 ರೂಪಾಯಿ, ಟೈಪಿಂಗ್ ಮತ್ತು ಪುಟ ಜೋಡಣೆಗೆ 9,000, ಅಳತೆಗಳನ್ನೆಲ್ಲ ಇನ್ನೊಬ್ಬ ಹಳೆಯ ಮೆಕ್ಯಾನಿಕ್ಕಿನಿಂದ ಪರಿಶೀಲಿಸಲು 6,000, ಚಾಚಾ ಬರೆಯುವ ಸಂಜೆಗಳಿಗೆ 10,000. ಕೊನೆಯದು ಬೇಡ ಎಂದು ಅವರು ಹೇಳಿದರು, ನಾನು ಹೊಡೆದುಹಾಕಲಿಲ್ಲ. ಒಟ್ಟು ಸ್ಥಿರ ವೆಚ್ಚ 40,000. ಅಚ್ಚಿನ ಖರ್ಚು ಪ್ರತಿಗೆ 70 ರೂಪಾಯಿ ಎಂದಿಟ್ಟುಕೊಂಡೆ.

50 ಜನ ಮಾತ್ರ ಕೊಂಡರೆ ಒಬ್ಬೊಬ್ಬರ ಪಾಲಿಗೆ 800 ರೂಪಾಯಿ ಸ್ಥಿರ ವೆಚ್ಚ. ಅಚ್ಚಿನದು ಸೇರಿ ಪುಸ್ತಕದ ಬೆಲೆ 870. 200 ಜನ ಕೊಂಡರೆ 270. 400 ಜನ ಕೊಂಡರೆ 170. ಈಗ ಪಕ್ಕದಲ್ಲಿ ಇನ್ನೊಂದು ಲೆಕ್ಕ: ಪಿಡಿಎಫ್ ತಂದು ಪುಟಕ್ಕೆ ಒಂದು ರೂಪಾಯಿಯಂತೆ 150 ಪುಟ ಪ್ರಿಂಟ್ ಹಾಕಿಸಿ, 40 ರೂಪಾಯಿ ಕೊಟ್ಟು ಸ್ಪೈರಲ್ ಮಾಡಿಸಿದರೆ 190. ಎಲ್ಲರೂ ಕೊಂಡಿದ್ದರೆ ಅಸಲಿ ಪುಸ್ತಕ ಕದ್ದ ಪ್ರತಿಗಿಂತ ಇಪ್ಪತ್ತು ರೂಪಾಯಿ ಅಗ್ಗ! "ಪುಸ್ತಕ ದುಬಾರಿ, ಅದಕ್ಕೇ ಪಿಡಿಎಫ್" ಎಂದು ಹೇಳುವವರು ಕಾರಣವನ್ನು ತಲೆಕೆಳಗೆ ಮಾಡಿದ್ದಾರೆ. 350 ಜನ ಟಿಕೆಟ್ ಇಲ್ಲದೆ ಬಸ್ ಹತ್ತಿದ್ದರಿಂದ ಉಳಿದ 50 ಜನರ ಟಿಕೆಟ್ 870 ಆಗಿದೆ. ಪುಕ್ಕಟೆ ಸವಾರಿಯ ಬಿಲ್ಲು ಕಂಪನಿಗೆ ಹೋಗುವುದಿಲ್ಲ, ಪ್ರಾಮಾಣಿಕ ಗಿರಾಕಿಗೇ ಹೋಗುತ್ತದೆ.

ಇಷ್ಟು ಹೇಳಿ, ಎದುರು ವಾದಗಳನ್ನು ಬಿಟ್ಟರೆ ನ್ಯಾಯವಲ್ಲ. ಕೆಲವು ನಿಜಕ್ಕೂ ಗಟ್ಟಿಯಾಗಿವೆ.

ಒಂದು, ಕಂಪನಿಗಳೇ ಮಾಹಿತಿ ಬಚ್ಚಿಡುತ್ತವೆ ಎಂಬುದು. ಇದು ಸತ್ಯ. 2011ರಲ್ಲಿ ಶಂಶೇರ್ ಕಟಾರಿಯಾ ಎಂಬವರು ಇದೇ ದೂರನ್ನು ಭಾರತೀಯ ಸ್ಪರ್ಧಾ ಆಯೋಗಕ್ಕೆ ಒಯ್ದರು. ಬಿಡಿಭಾಗ, ದೋಷ ಪತ್ತೆಯ ಉಪಕರಣ, ರಿಪೇರಿ ಮಾಹಿತಿ ಇವನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ದಂಡದ ವಿಷಯ ಮೇಲ್ಮನವಿಗೆ ಹೋಯಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ವಾಹನ, ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹಬಳಕೆಯ ವಸ್ತು ಈ ನಾಲ್ಕು ವಿಭಾಗಗಳು ಅದರಲ್ಲಿವೆ. ಆದರೆ ಗಮನಿಸಿ, ಬಾಗಿಲು ತೆರೆಯಿರಿ ಎಂದು ಕೇಳುವುದು ಬೇರೆ, ತೆರೆದಿರುವ ಅಂಗಡಿಯಿಂದ ಎತ್ತಿಕೊಂಡು ಹೋಗುವುದು ಬೇರೆ. ಕಂಪನಿ ಮಾರಲು ಒಪ್ಪದಿದ್ದರೆ ಜಗಳ ಮಾಡೋಣ. ಮಾರುತ್ತಿರುವ ಸಣ್ಣ ಪ್ರಕಾಶಕನ ಪುಸ್ತಕವನ್ನು ಕದ್ದು ಆ ಜಗಳದ ಹೆಸರು ಹೇಳುವುದು ಬೇಡ.

ಇನ್ನೊಂದು, ಕಾರ್ಖಾನೆಯೇ ಮುಚ್ಚಿದ ಮೇಲೆ ಹಕ್ಕು ಯಾರದು ಎಂಬುದು. ಕಂಪನಿ ಮುಚ್ಚಿದರೂ ಕೃತಿಸ್ವಾಮ್ಯ ತಾನಾಗಿ ಮುಗಿಯುವುದಿಲ್ಲ, ಅದೂ ಒಂದು ಆಸ್ತಿಯೇ. ಅಕೌಂಟೆನ್ಸಿಯಲ್ಲಿ ಅಗೋಚರ ಆಸ್ತಿ ಎಂದು ಓದುತ್ತೇವಲ್ಲ, ಹಾಗೆ. ಆದರೆ ಅದಕ್ಕೂ ಆಯುಸ್ಸು ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರ ಹೆಸರಿಲ್ಲದೆ ಪ್ರಕಟವಾದ ಪುಸ್ತಕಕ್ಕೆ, ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ರಕ್ಷಣೆ. 1962ರಲ್ಲಿ ಹೀಗೆ ಇಲ್ಲಿ ಅಚ್ಚಾದ ಒಂದು ಪುಸ್ತಕ ಇದ್ದರೆ 2022ರ ಕೊನೆಗೆ ಅದರ ಅವಧಿ ಮುಗಿಯಿತು, ಯಾರು ಬೇಕಾದರೂ ಹಂಚಬಹುದು. 1978ರದ್ದಾದರೆ 2038ರ ಕೊನೆಯವರೆಗೆ ಕಾಯಬೇಕು. ಹಕ್ಕುದಾರರು ಸಿಗದ ಪುಸ್ತಕಗಳನ್ನು ಮರುಮುದ್ರಿಸಲು ಅನುಮತಿ ಕೇಳುವ ದಾರಿ ಇದೇ ಕಾಯ್ದೆಯ 31ಎ ವಿಭಾಗದಲ್ಲಿದೆ. ಕ್ಲಬ್ಬುಗಳು ರ‍್ಯಾಲಿಗೆ ಟೀ ಶರ್ಟ್ ಹೊಲಿಸುವ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಒಬ್ಬ ವಕೀಲರನ್ನು ಕೇಳಬಹುದು ಎಂದು ನನ್ನ ಅಭಿಪ್ರಾಯ.

ಮತ್ತೆ, ನಾವೂ ಜೆರಾಕ್ಸ್ ಮಾಡುತ್ತೇವಲ್ಲ ಎಂದು ನಮ್ಮ ಕ್ಲಾಸಿನವರೇ ಕೇಳಿದರು. ಸ್ವಂತ ಓದಿಗೆ ನ್ಯಾಯಯುತವಾಗಿ ಬಳಸಿಕೊಳ್ಳಲು ಕಾಯ್ದೆಯ 52ನೇ ವಿಭಾಗ ಜಾಗ ಬಿಟ್ಟಿದೆ. ಬೋಧನೆಗೂ ಬಿಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಪಾಠಕ್ಕೆ ಬೇಕಾದ ಭಾಗಗಳ ಪ್ರತಿ ಮಾಡಲು ಅವಕಾಶವಿದೆ ಎಂದೇ ಹೇಳಿತು. ಗೆಳೆಯನ ಮ್ಯಾನ್ಯುಯಲ್‌ನಿಂದ ಕ್ಲಚ್ಚಿನ ಎರಡು ಪುಟ ಬರೆದುಕೊಂಡರೆ ಯಾರೂ ಕೇಳುವುದಿಲ್ಲ. ಪೂರ್ತಿ ಪುಸ್ತಕವನ್ನು ಇನ್ನೂರು ಜನರ ಗ್ರೂಪಿಗೆ ಹಾಕುವುದು ಆ ಜಾಗದಲ್ಲಿ ಹಿಡಿಸುವುದಿಲ್ಲ. ಗೊತ್ತಿದ್ದೂ ಹೀಗೆ ಮಾಡಿದರೆ 63ನೇ ವಿಭಾಗದಲ್ಲಿ ಜೈಲೂ ಇದೆ, ದಂಡವೂ ಇದೆ. ಹೆದರಿಸಲು ಹೇಳುತ್ತಿಲ್ಲ, ಇದೆ ಎಂದು ಹೇಳುತ್ತಿದ್ದೇನೆ.

ನಮ್ಮ ಮನೆಗಳಲ್ಲಿ ಬರುವ ಪ್ರಶ್ನೆ ಬೇರೆಯೇ: ಇಲ್ಮ್ ಎಂಬುದು ಮಾರುವ ಸರಕೇ? ಹಂಚಿದರೆ ಸವಾಬ್ ಅಲ್ಲವೇ? ಹಿಂದೆ ಉಲಮಾಗಳಲ್ಲೇ ಇದರ ಬಗ್ಗೆ ಎರಡು ಅಭಿಪ್ರಾಯವಿತ್ತು. 1988ರ ಡಿಸೆಂಬರ್‌ನಲ್ಲಿ ಕುವೈತ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಬರೆಯುವ ಮತ್ತು ಕಂಡುಹಿಡಿಯುವ ಹಕ್ಕುಗಳು ಮಾಲೀಕರ ಹಕ್ಕುಗಳೇ, ಅವನ್ನು ಉಲ್ಲಂಘಿಸುವಂತಿಲ್ಲ ಎಂದು ನಿರ್ಣಯಿಸಿತು. ಇದನ್ನು ಚಾಚಾಗೆ ಹೇಳಿದಾಗ ಅವರು, "ನಾನು ಕೊಟ್ಟರೆ ನನಗೆ ಸವಾಬ್. ನನ್ನ ಜೇಬಿಂದ ಇನ್ನೊಬ್ಬ ತೆಗೆದು ಕೊಟ್ಟರೆ ಅವನಿಗೆ ಹೇಗೆ ಬರುತ್ತೆ?" ಎಂದರು. ಬಾಯಿಮಾತಿನಲ್ಲಿ ಕೇಳಿದವರಿಗೆ ಅವರು ಇವತ್ತಿಗೂ ಪುಕ್ಕಟೆಯಾಗಿಯೇ ಹೇಳಿಕೊಡುತ್ತಾರೆ.

ಬರೆದವರೇ ಉಚಿತ ಎಂದು ಕೊಟ್ಟದ್ದನ್ನು ಸಂಕೋಚವಿಲ್ಲದೆ ಬಳಸಬಹುದು. ಅಮೆರಿಕದ ಐಫಿಕ್ಸಿಟ್ ಸಂಸ್ಥೆ ಮೊಬೈಲ್, ಲ್ಯಾಪ್‌ಟಾಪ್ ರಿಪೇರಿಯ ಸಾವಿರಾರು ಮಾರ್ಗದರ್ಶಿಗಳನ್ನು ಉಚಿತವಾಗಿ ಕೊಡುತ್ತದೆ, ಉಪಕರಣ ಮತ್ತು ಬಿಡಿಭಾಗ ಮಾರಿ ತನ್ನ ಖರ್ಚು ಗಿಟ್ಟಿಸಿಕೊಳ್ಳುತ್ತದೆ. ಅದೂ ಒಂದು ವ್ಯಾಪಾರದ ದಾರಿ. ಇನ್ನು ದುಡ್ಡಿಲ್ಲದವರಿಗೆ ಹಳೆಯ ದಾರಿಯೇ ಇದೆ. ನಾಲ್ಕು ಜನ ಸೇರಿ ಒಂದು ಪ್ರತಿ ಕೊಂಡು ಕೈಯಿಂದ ಕೈಗೆ ಕೊಟ್ಟುಕೊಳ್ಳಬಹುದು, ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು, ಓದಿ ಮಾರಬಹುದು. ಕೊಂಡ ಪ್ರತಿಯನ್ನು ಎರವಲು ಕೊಡುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ನಮ್ಮ ಲೈಬ್ರರಿಗೂ ಒಂದು ಅರ್ಜಿ ಹಾಕಬಹುದು. ತಂಬಾಕಿನ ಸೀಸನ್ ಮುಗಿದ ಮೇಲೆ ಮನೆಯಲ್ಲಿ ಹಳೆಯ ಬೈಕು, ಪಂಪ್‌ಸೆಟ್ ಬಿಚ್ಚಿಕೊಂಡು ಕೂರುವ ಅಣ್ಣಂದಿರು ನಮ್ಮ ಕಾಲೇಜಿನ ಎಷ್ಟು ಮನೆಗಳಲ್ಲಿಲ್ಲ?

ಚಾಚಾ ಪುಸ್ತಕಕ್ಕೆ ಇಲ್ಲಿಯವರೆಗೆ 63 ಜನ ಹೆಸರು ಬರೆಸಿದ್ದಾರೆ. ಮುಂಗಡ ಹಣ ತೆಗೆದುಕೊಂಡಿಲ್ಲ. 63ಕ್ಕೆ ಬೆಲೆ ಎಷ್ಟಾಗುತ್ತದೆ ಎಂದು ಈಗ ನೀವೇ ಲೆಕ್ಕ ಹಾಕಬಲ್ಲಿರಿ. 200 ಹೆಸರಾದರೆ ಅಚ್ಚಿಗೆ ಕೊಡೋಣ ಎಂದು ಒಪ್ಪಿದ್ದಾರೆ. ಅಂಚಿನ ಉರ್ದು ಟಿಪ್ಪಣಿಗಳನ್ನೆಲ್ಲ ನಾನು ಕನ್ನಡಕ್ಕೆ ಇಳಿಸುತ್ತಿದ್ದೇನೆ. ಸದ್ಯ ಕಾರ್ಬುರೇಟರ್ ಅಧ್ಯಾಯದಲ್ಲಿದ್ದೇವೆ.